ಪ್ರಾಗ್‌ನ ಸಂತೆಮಾಳಗಳೂ ಒಂದು ಪಂಚಾಂಗದ ಗಡಿಯಾರವೂ

ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಅದು ದಾಟುವ ಜಾಗ. ಆ ಅಭ್ಯಾಸವನ್ನೇ ಹೊತ್ತು ಪ್ರಾಗ್‌ಗೆ ಹೋದವರು ಅಲ್ಲಿನ ಚೌಕಗಳನ್ನೂ ದಾಟಿಕೊಂಡೇ ಬಂದುಬಿಡುತ್ತಾರೆ. ಗಡಿಯಾರದ ಮುಂದೆ ಒಂದು ಫೋಟೊ, ಸೇತುವೆ ಮೇಲೆ ಎರಡು, ಕೋಟೆ ಬಾಗಿಲಲ್ಲಿ ಒಂದು, ಸಂಜೆಗೆ ವಾಪಸ್ ರೈಲು. ಮಗನೋ ಮಗಳೋ ಜರ್ಮನಿಯಲ್ಲಿದ್ದಾರೆ ಅಂತ ಹಾಸನ, ಚಿಕ್ಕಮಗಳೂರು ಕಡೆಯಿಂದ ಹೋಗಿಬರುವ ಅಪ್ಪ-ಅಮ್ಮಂದಿರು ಈಗ ಕಡಿಮೆಯೇನಿಲ್ಲ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಒಂದೇ ಷೆಂಗೆನ್ ವೀಸಾ ಜರ್ಮನಿಗೂ ಪ್ರಾಗ್ ಇರುವ ಜೆಕ್ ದೇಶಕ್ಕೂ ನಡೆಯುತ್ತದೆ. ಹಾಗಾಗಿ ‘ಎರಡು ದಿನ ನೋಡ್ಕೊಂಡು ಬನ್ನಿ’ ಎಂದು ಮಕ್ಕಳು ಹತ್ತಿಸಿ ಕಳಿಸಿಬಿಡುತ್ತಾರೆ. ಆ ಎರಡು ದಿನಕ್ಕೆ ಈ ಬರಹ. ಗಡಿಯಲ್ಲಿ ಇಳಿಸಿ ಮುದ್ರೆ ಒತ್ತುವ ಪದ್ಧತಿ ಇಲ್ಲ. ಆದರೂ ಪಾಸ್‌ಪೋರ್ಟ್ ಮಗಳ ಮನೆ ಬೀರುವಿನಲ್ಲಿಟ್ಟು ಹೋಗಬೇಡಿ. ಪೊಲೀಸರು ಬೋಗಿಗೆ ಹತ್ತಿ ಕೇಳುವುದುಂಟು.

ಮೊದಲು ಎರಡು ಪದ ಕಲಿತುಕೊಳ್ಳಿ. ‘ನಾಮ್ಯೆಸ್ತಿ’ ಎಂದರೆ ಚೌಕ, ‘ತ್ರ್ಹ್’ ಎಂದರೆ ಸಂತೆ. ಎರಡನೆಯದರಲ್ಲಿ ಸ್ವರವೇ ಇಲ್ಲ. ಗಂಟಲು ಸರಿಮಾಡಿಕೊಂಡ ಹಾಗೆ ಕೇಳಿಸುತ್ತದೆ. ಇವೆರಡು ಗೊತ್ತಿದ್ದರೆ ಪ್ರಾಗ್‌ನ ನಕ್ಷೆಯೇ ಬೇರೆ ಥರ ಕಾಣುತ್ತದೆ. ಯಾಕೆಂದರೆ ಅಲ್ಲಿನ ದೊಡ್ಡ ಚೌಕಗಳಲ್ಲಿ ಹೆಚ್ಚಿನವು ಹಳೆಯ ಸಂತೆಮಾಳಗಳು. ವೆನ್ಸೆಸ್ಲಾಸ್ ಚೌಕ 1848ರವರೆಗೂ ‘ಕುದುರೆ ಸಂತೆ’ ಎಂದೇ ಕರೆಸಿಕೊಂಡಿತ್ತು. ಕಾರ್ಲೊವೊ ನಾಮ್ಯೆಸ್ತಿ ದನದ ಸಂತೆ. ಸೆನೊವಾಜ್ನೆ ನಾಮ್ಯೆಸ್ತಿ ಒಣಹುಲ್ಲು ತೂಗುತ್ತಿದ್ದ ಜಾಗ. ಉಹೆಲ್ನಿ ತ್ರ್ಹ್ ಇದ್ದಿಲು ಸಂತೆ, ಓವೊತ್ಸ್ನಿ ತ್ರ್ಹ್ ಹಣ್ಣಿನ ಸಂತೆ. ಹಾವೆಲ್ಸ್ಕಾ ಬೀದಿಯಲ್ಲಿ 13ನೇ ಶತಮಾನದಲ್ಲಿ ಶುರುವಾದ ಸಂತೆ ಇವತ್ತಿಗೂ ಕಟ್ಟುತ್ತದೆ. ಹಣ್ಣು, ಹೂವು, ಅದರ ನಡುವೆ ಪ್ರವಾಸಿಗರಿಗೆಂದೇ ಇಟ್ಟ ಬೊಂಬೆ. ಹಳೇಪೇಟೆ ಚೌಕದ ಟೀನ್ ಚರ್ಚಿನ ಬೆನ್ನಿಗೆ ಉಂಗೆಲ್ಟ್ ಎಂಬ ಅಂಗಳವಿದೆ. ಪರಊರಿನ ವರ್ತಕರು ಸರಕು ಇಳಿಸಿ, ಸುಂಕ ಕಟ್ಟಿ, ತಂಗುತ್ತಿದ್ದ ಜಾಗ ಅದು. ಬೇರೆ ವಿವರಣೆಯೇ ಬೇಡ, ನಮ್ಮ ಸುಂಕದಕಟ್ಟೆ.

ಬೂಕನಬೆಟ್ಟದ ದನದ ಜಾತ್ರೆ ನೋಡಿದವರಿಗೆ ಇದು ಬೇಗ ಹಿಡಿಯುತ್ತದೆ. ರಾಸು ಕಟ್ಟಲು ಜಾಗ ಬೇಕು, ಗಾಡಿ ತಿರುಗಿಸಲು ಬೇಕು, ಹಲ್ಲು ನೋಡಿದ ಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡಲೂ ಬೇಕು. ವೆನ್ಸೆಸ್ಲಾಸ್ ಚೌಕ 750 ಮೀಟರ್ ಉದ್ದ, 60 ಮೀಟರ್ ಅಗಲ. ಅದನ್ನು ‘ಚೌಕ’ ಎಂದು ಹುಡುಕಿಕೊಂಡು ಹೋದವರು ‘ಇದು ರಸ್ತೆಯಲ್ವಾ?’ ಎಂದು ಪೆಚ್ಚಾಗುತ್ತಾರೆ. ಕುದುರೆ ಓಡಿಸಿ ನೋಡಿ ಕೊಳ್ಳುವ ಸಂತೆ ಎಂದುಕೊಂಡು ನಿಂತರೆ ಅಳತೆ ಸರಿಯಾಗಿ ಕೂರುತ್ತದೆ.

ಹಳೇಬೀಡು ನೋಡಿದ ಕಣ್ಣಿಗೆ ಇನ್ನೊಂದು ಲೆಕ್ಕ. ಪ್ರಾಗ್ ದೊಡ್ಡ ರಾಜಧಾನಿಯ ಕಳೆ ಪಡೆದದ್ದು ನಾಲ್ಕನೇ ಚಾರ್ಲ್ಸ್‌ನ ಕಾಲದಲ್ಲಿ: 1344ರಲ್ಲಿ ಸಂತ ವೀಟಸ್ ಕೆಥೆಡ್ರಲ್‌ಗೆ ಅಡಿಗಲ್ಲು, 1348ರಲ್ಲಿ ವಿಶ್ವವಿದ್ಯಾಲಯ ಮತ್ತು ಹೊಸಪೇಟೆ, 1357ರಲ್ಲಿ ಕಲ್ಲಿನ ಸೇತುವೆ. ಅದೇ 1340ರ ದಶಕದಲ್ಲಿ ಮೂರನೇ ವೀರಬಲ್ಲಾಳ ಮಧುರೆಯ ಸುಲ್ತಾನರ ಕೈಯಲ್ಲಿ ಸತ್ತು ಹೊಯ್ಸಳರ ಆಳ್ವಿಕೆ ಮುಗಿಯುತ್ತಾ ಬಂದಿತ್ತು. ಹೊಯ್ಸಳೇಶ್ವರನ ಗುಡಿ ಆಗಲೇ ಇನ್ನೂರು ವರ್ಷ ಹಳೆಯದು. ಹಾಗಾಗಿ ‘ಎಷ್ಟು ಹಳೇ ಕಟ್ಟಡ!’ ಎಂದು ನಮ್ಮ ಕಡೆಯವರು ಬಾಯಿಬಿಡಬೇಕಾದ ಅಗತ್ಯವಿಲ್ಲ. ದೋರಸಮುದ್ರದಲ್ಲಿ ಗುಡಿ, ಬಸದಿ, ಕೆರೆ ಉಳಿದವು. ಸಂತೆಬೀದಿ, ಮನೆಸಾಲು, ರಾಜಬೀದಿ ಹೋದವು. ಪ್ರಾಗ್‌ನಲ್ಲಿ ಉಳಿದಿರುವುದು ಅವೇ. ನೋಡಬೇಕಾದದ್ದೂ ಅವನ್ನೇ.

ಗಡಿಯಾರದ ಮುಂದೆ

ಹಳೇಪೇಟೆ ಚೌಕಕ್ಕೆ ಮೆಟ್ರೊ ಎ ಮಾರ್ಗದಲ್ಲಿ ಸ್ತಾರೊಮ್ಯೆಸ್ಟ್‌ಸ್ಕಾ ನಿಲ್ದಾಣದಲ್ಲಿ ಇಳಿದರೆ ಐದಾರು ನಿಮಿಷದ ನಡಿಗೆ. ಪುರಭವನದ ಗೋಪುರದ ದಕ್ಷಿಣ ಗೋಡೆಗೆ ಅಂಟಿಕೊಂಡಿರುವ ಗಡಿಯಾರದ ಅತಿ ಹಳೆಯ ಭಾಗ 1410ರದ್ದು. ಮಾಡಿದವನು ಕಾಡಾನ್ ಊರಿನ ಮಿಕುಲಾಷ್. ಲೆಕ್ಕದ ಹಿಂದೆ ಇದ್ದವನು ಖಗೋಳ ಪಂಡಿತ ಯಾನ್ ಷಿಂಡೆಲ್ ಎನ್ನುತ್ತಾರೆ. ಹಾನುಷ್ ಎಂಬ ಕುಶಲಕರ್ಮಿ ಇನ್ನೊಂದು ಊರಿಗೆ ಇಂಥದ್ದೇ ಮಾಡಿಕೊಡದಿರಲಿ ಎಂದು ಅವನ ಕಣ್ಣು ಕೀಳಿಸಿದರು ಎಂಬ ಕಥೆಯನ್ನು ಗೈಡ್‌ಗಳು ತಪ್ಪದೇ ಹೇಳುತ್ತಾರೆ. ನಮ್ಮ ಜಕಣಾಚಾರಿಯ ಕಥೆಯ ಜಾತಿಯದು. ಕೇಳಿ, ಬಿಡಿ.

ಬೆಳಿಗ್ಗೆ 9ರಿಂದ ರಾತ್ರಿ 11ರವರೆಗೆ ಪ್ರತಿ ಗಂಟೆಗೆ ಆಟ ನಡೆಯುತ್ತದೆ. ಬಲಗಡೆಯ ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಮೇಲಿನ ಎರಡು ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ, ಗಂಟೆ ಬಾರಿಸುತ್ತದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಆ ಒಂದು ನಿಮಿಷಕ್ಕೆ ಹಾಸನಾಂಬೆ ದರ್ಶನದ ಹಾಗೆ ಜನ ನೆರೆಯುತ್ತಾರೆ. ಎಲ್ಲರೂ ತಲೆ ಎತ್ತಿ, ಎರಡೂ ಕೈಯಲ್ಲಿ ಫೋನ್ ಹಿಡಿದು ನಿಂತಿರುವ ಹೊತ್ತು ಜೇಬುಗಳ್ಳರಿಗೆ ಸುಗ್ಗಿ. ಬ್ಯಾಗು ಹೊಟ್ಟೆಯ ಮೇಲಿರಲಿ. ಆಟ ನೋಡಲೇಬೇಕಿದ್ದರೆ ಬೆಳಿಗ್ಗೆ 9ರದ್ದು, ಇಲ್ಲವೇ ರಾತ್ರಿ 10 ಅಥವಾ 11ರದ್ದು ನೋಡಿ, ಗುಂಪು ತೆಳ್ಳಗಿರುತ್ತದೆ. ಅಸ್ಥಿಪಂಜರ ಗಂಟೆ ಬಾರಿಸುವಾಗ ಅದರ ಪಕ್ಕದ ತುರ್ಕಿಯವನನ್ನೂ, ಎಡಗಡೆ ಕನ್ನಡಿ ಹಿಡಿದವನನ್ನೂ ಹಣದ ಚೀಲ ಹಿಡಿದವನನ್ನೂ ಗಮನಿಸಿ: ಮೂವರೂ ‘ಈಗಲೇ ಬೇಡ’ ಎಂದು ತಲೆಯಾಡಿಸುತ್ತಾರೆ. ಮೇಲಿನ ಕಿಟಕಿಯನ್ನೇ ನೋಡುತ್ತಾ ನಿಂತವರಿಗೆ ಇದು ತಪ್ಪಿಹೋಗುತ್ತದೆ.

ಆಟ ಮುಗಿದು ಜನ ಚದುರಿದ ಮೇಲೆ ಗಡಿಯಾರ ನಿಜವಾಗಿ ಶುರುವಾಗುತ್ತದೆ. ಮುಂದೆ ಹೋಗಿ ನಿಲ್ಲಿ. ಪಂಚಾಂಗ ನೋಡಿ ಅಭ್ಯಾಸವಿರುವವರಿಗೆ ಈ ಮುಖ ಬೇರೆ ಯಾವ ಪ್ರವಾಸಿಗನಿಗಿಂತ ಬೇಗ ಅರ್ಥವಾಗುತ್ತದೆ, ಓದುವ ಕ್ರಮ ಗೊತ್ತಿರಬೇಕು ಅಷ್ಟೆ.

ನಡುವೆ ಭೂಮಿ. ಸೂರ್ಯ ಚಂದ್ರರು ಅದರ ಸುತ್ತ. ಮೇಲಿನ ನೀಲಿ ಭಾಗ ಹಗಲು, ಕೆಳಗಿನ ಕಪ್ಪು ವೃತ್ತ ರಾತ್ರಿ, ಎರಡರ ನಡುವಿನ ಕಂದು ಪಟ್ಟಿ ಸಂಧ್ಯಾಕಾಲ. ಎಡಗಡೆ ಮುಂಜಾನೆಯದು, ಬಲಗಡೆ ಮುಸ್ಸಂಜೆಯದು. ಚಿನ್ನದ ಸೂರ್ಯ ಯಾವ ಬಣ್ಣದ ಮೇಲಿದ್ದಾನೆ ಎಂಬುದೇ ಮೊದಲ ಓದು.

ಎರಡನೆಯದು ಹೊರಬಳೆ. ಕಪ್ಪು ಹಿನ್ನೆಲೆಯಲ್ಲಿ ಚಿನ್ನದ ಹಳೇ ಲಿಪಿಯ 1ರಿಂದ 24 ಅಂಕಿಗಳಿವೆ. ಇದು ಹಳೇ ಬೊಹೆಮಿಯಾದ (ಪ್ರಾಗ್ ಇರುವ ಸೀಮೆಯ ಹಳೇ ಹೆಸರು) ಗಂಟೆ: ಸೂರ್ಯ ಮುಳುಗಿದಾಗ 24 ಮುಗಿದು ಹೊಸ ದಿನ ಹುಟ್ಟುತ್ತದೆ. ನಮ್ಮ ಪಂಚಾಂಗದಲ್ಲಿ ಉದಯದಿಂದ ಘಳಿಗೆ ಎಣಿಸಿದರೆ ಇವರದು ಅಸ್ತಮಾನದಿಂದ. ಮುಳುಗುವ ಹೊತ್ತು ದಿನದಿನಕ್ಕೆ ಬದಲಾಗುವುದರಿಂದ ಈ ಬಳೆಯೂ ವರ್ಷವಿಡೀ ಅತ್ತಿತ್ತ ಸರಿಯುತ್ತದೆ. ಚಿನ್ನದ ಕೈ 20ರ ಮೇಲಿದ್ದರೆ ಬೆಳಕು ಇನ್ನು ನಾಲ್ಕು ಗಂಟೆ ಉಳಿದಿದೆ ಎಂದರ್ಥ. ಸಂಜೆಯೊಳಗೆ ಊರ ಬಾಗಿಲು ಮುಟ್ಟಬೇಕಾದ ಗಾಡಿಯವನಿಗೆ ಬೇಕಿದ್ದದ್ದು ಆ ಒಂದು ಲೆಕ್ಕ. ಒಳಗಿನ ರೋಮನ್ ಅಂಕಿಗಳು ನಾವು ಬಳಸುವ 12 ಗಂಟೆಯ ಲೆಕ್ಕ.

ಮೂರನೆಯದು ನೀಲಿಯ ಮೇಲೆ ಬಾಗಿ ಹರಡಿರುವ ಚಿನ್ನದ ಗೆರೆಗಳು, 1ರಿಂದ 12. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹನ್ನೆರಡು ಪಾಲು ಮಾಡಿದ್ದು. ರಾಹುಕಾಲಕ್ಕೆ ಹಗಲನ್ನು ಎಂಟು ಪಾಲು ಮಾಡುತ್ತೇವಲ್ಲ, ಅದೇ ಬುದ್ಧಿ. ಹಾಸನದಲ್ಲಿ ಹಗಲು ವರ್ಷವಿಡೀ ಹನ್ನೆರಡು ಗಂಟೆಯ ಹಿಂದೆಮುಂದೆ ಇರುವುದರಿಂದ ಒಂದು ಪಾಲು ಎಂದರೆ ಹೆಚ್ಚುಕಮ್ಮಿ ಒಂದು ಗಂಟೆಯೇ. ಪ್ರಾಗ್ ಇರುವುದು 50 ಡಿಗ್ರಿ ಉತ್ತರದಲ್ಲಿ. ಜೂನ್ ಕೊನೆಗೆ ಐದಕ್ಕೆ ಮುಂಚೆ ಬೆಳಕಾಗಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಒಂದು ಪಾಲು ಎಂಬತ್ತು ನಿಮಿಷ ದಾಟುತ್ತದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಹುಟ್ಟಿ ಸಂಜೆ ನಾಲ್ಕಕ್ಕೆ ಮುಳುಗುತ್ತಾನೆ. ಒಂದು ಪಾಲು ನಲವತ್ತೇ ನಿಮಿಷ. ಆ ಬಾಗಿದ ಗೆರೆಗಳ ನಡುವಿನ ಅಂತರ ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿರುವುದು ಈ ಕಾರಣಕ್ಕೆ.

ನಾಲ್ಕನೆಯದರಲ್ಲಿ ನಮ್ಮವರು ಎಡವುತ್ತಾರೆ. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಂತೆ ತಿರುಗುವ ಬಳೆಯಲ್ಲಿ ಹನ್ನೆರಡು ರಾಶಿಗಳ ಗುರುತುಗಳಿವೆ. ಸೂರ್ಯ ಅದರ ಮೇಲೆ ಕೂತಿದ್ದಾನೆ. ಏಪ್ರಿಲ್ ಮೊದಲ ವಾರ ಹೋದರೆ ಅಲ್ಲಿ ಸೂರ್ಯ ಮೇಷದಲ್ಲಿರುತ್ತಾನೆ. ಕೈಯಲ್ಲಿರುವ ಒಂಟಿಕೊಪ್ಪಲ್ ಪಂಚಾಂಗ ಮೀನ ಎನ್ನುತ್ತದೆ. ಗಡಿಯಾರ ಕೆಟ್ಟಿಲ್ಲ, ಪಂಚಾಂಗವೂ ತಪ್ಪಿಲ್ಲ. ಅವರದು ಸಾಯನ, ನಮ್ಮದು ನಿರಯಣ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಆಸುಪಾಸಿಗೆ ಅವರು ಮೇಷ ಶುರುಮಾಡುತ್ತಾರೆ. ನಾವು ನಕ್ಷತ್ರ ಹಿಡಿದು ಲೆಕ್ಕ ಹಾಕುವುದರಿಂದ ಏಪ್ರಿಲ್ 14ರ ಆಸುಪಾಸು. ನಡುವಿನ ಅಯನಾಂಶ ಈಗ ಸುಮಾರು 24 ಡಿಗ್ರಿ, ಅಂದರೆ 24 ದಿನ. ಈ ಗಡಿಯಾರದಲ್ಲಿ ಸೂರ್ಯ ಮಕರಕ್ಕೆ ಕಾಲಿಡುವುದು ಡಿಸೆಂಬರ್ 21–22ಕ್ಕೆ; ಎಳ್ಳು ಬೆಲ್ಲ ಹಂಚುವ ನಮ್ಮ ಸಂಕ್ರಾಂತಿ ಜನವರಿ 14–15ಕ್ಕೆ. ಜೊತೆಯಲ್ಲಿ ಪಂಚಾಂಗ ಬಲ್ಲ ಹಿರಿಯರಿದ್ದರೆ ಇಲ್ಲಿ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಚಂದ್ರ ಒಂದು ಗುಂಡು. ಅರ್ಧ ಬೆಳ್ಳಿ, ಅರ್ಧ ಕಪ್ಪು. ಅದರ ಹೊಟ್ಟೆಯೊಳಗೆ ಒಂದು ತೂಕವಿದೆ. ಚಂದ್ರನನ್ನು ಹೊತ್ತ ಕಡ್ಡಿ ಸುತ್ತಿದಂತೆ ತೂಕ ಕೆಳಕ್ಕೇ ಜಗ್ಗುತ್ತಾ ಗುಂಡನ್ನು ತನ್ನಷ್ಟಕ್ಕೆ ಹೊರಳಿಸುತ್ತದೆ, ಶುಕ್ಲ ಕೃಷ್ಣ ಪಕ್ಷಗಳು ಬಂದುಹೋಗುತ್ತವೆ. ಕೆಳಗಿನ ಎರಡನೇ ತಟ್ಟೆ ವರ್ಷಕ್ಕೊಂದು ಸುತ್ತು ತಿರುಗುವ ಕ್ಯಾಲೆಂಡರ್. ತಿಂಗಳಿಗೊಂದರಂತೆ ಅದರಲ್ಲಿರುವ ಬೇಸಾಯದ ಚಿತ್ರಗಳನ್ನು 1860ರ ದಶಕದಲ್ಲಿ ಬರೆದವನು ಯೋಸೆಫ್ ಮಾನೆಸ್. ಈಗ ಗೋಡೆಯಲ್ಲಿರುವುದು ಪ್ರತಿ. ಉಳುಮೆ, ಕೊಯ್ಲು, ಒಕ್ಕಣೆ ಗುರುತಿಸಲು ಯಾವ ಗೈಡೂ ಬೇಕಿಲ್ಲ.

ಗೋಪುರ ಹತ್ತಲು ಲಿಫ್ಟ್ ಇದೆ. ಮಂಡಿ ನೋವಿರುವವರೂ ಚೌಕವನ್ನು ಮೇಲಿನಿಂದ ನೋಡಬಹುದು.

ಚೌಕದ ನೆಲ

ಹಳೇಪೇಟೆ ಚೌಕದಲ್ಲಿ ಹೆಚ್ಚಿನವರು ನೋಡದೇ ಬಿಡುವುದು ಕಾಲಡಿಯದನ್ನು. ಪುರಭವನದ ಪೂರ್ವಕ್ಕೆ ನೆಲಗಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1620ರ ನವೆಂಬರ್ 8ರಂದು ಊರಾಚೆಯ ಬಿಳಿಗುಡ್ಡದ ಕಾಳಗದಲ್ಲಿ, ಚಕ್ರವರ್ತಿಯ ವಿರುದ್ಧ ದಂಗೆ ಎದ್ದ ಬೊಹೆಮಿಯಾದವರು ಸೋತರು. ಮರುವರ್ಷ ಜೂನ್ 21ರಂದು ದಂಗೆಯ 27 ಮುಂದಾಳುಗಳನ್ನು ಇದೇ ಜಾಗದಲ್ಲಿ ಕೊಂದರು. ಹನ್ನೆರಡು ಜನರ ತಲೆಗಳನ್ನು ಸೇತುವೆಯ ಗೋಪುರಕ್ಕೆ ನೇತುಹಾಕಿದ್ದರು, ಹತ್ತು ವರ್ಷ. ಶಿಲುಬೆಗಳ ಮೇಲೆ ಕುರ್ಚಿ ಎಳೆದುಕೊಂಡು ಕಾಫಿ ಕುಡಿಯುವವರಿಗೆ ಇದು ಗೊತ್ತಿರುವುದಿಲ್ಲ.

ಅಲ್ಲಿಂದ ಕೆಲವೇ ಹೆಜ್ಜೆ, ನೆಲದಲ್ಲಿ ಒಂದು ಹಿತ್ತಾಳೆ ಪಟ್ಟಿ. ಹಿಂದೆ ಪ್ರಾಗ್‌ನ ಮಧ್ಯಾಹ್ನವನ್ನು ನಿರ್ಧರಿಸುತ್ತಿದ್ದ ಮಧ್ಯಾಹ್ನರೇಖೆ ಅದು. 1650ರಲ್ಲಿ ನಿಲ್ಲಿಸಿದ ಮೇರಿ ಮಾತೆಯ ಕಂಬದ ನೆರಳು ಈ ಗೆರೆಗೆ ಬಂದಾಗ ನಡುಹಗಲು. ಕಂಬವನ್ನು 1918ರಲ್ಲಿ ಉರುಳಿಸಿದರು, 2020ರಲ್ಲಿ ಅದರ ಪ್ರತಿಯನ್ನು ಮತ್ತೆ ನಿಲ್ಲಿಸಿದರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ನಡುಹಗಲು ಬರುವುದು ಒಂದು ಗಂಟೆಯ ಆಸುಪಾಸು, ಚಳಿಗಾಲದಲ್ಲಿ ಹನ್ನೆರಡರ ಆಸುಪಾಸು. ಹಾಸನದಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ನಡುಹಗಲ ನೆರಳು ಕಾಲಡಿಗೇ ಬಂದು ಮಾಯವಾಗುತ್ತದಲ್ಲ, ಇಲ್ಲಿ ಅದು ಎಂದೂ ಆಗದು. ಸೂರ್ಯ ನೆತ್ತಿಗೆ ಬರುವುದೇ ಇಲ್ಲ; ನೆರಳು ವರ್ಷವಿಡೀ ಉತ್ತರಕ್ಕೆ.

ನಡುವಿನ ದೊಡ್ಡ ಕಂಚಿನ ಗುಂಪು ಯಾನ್ ಹುಸ್‌ನ ಸ್ಮಾರಕ. ಚರ್ಚಿನ ಭ್ರಷ್ಟಾಚಾರವನ್ನು ಎದುರಿಸಿದ ಹುಸ್‌ನನ್ನು 1415ರಲ್ಲಿ ಸುಟ್ಟರು. ಸರಿಯಾಗಿ ಐನೂರು ವರ್ಷಕ್ಕೆ, 1915ರಲ್ಲಿ, ಪ್ರತಿಮೆ ನಿಂತಿತು. ಎದುರಿಗೆ ಎರಡು ಚೂಪು ಗೋಪುರಗಳ ಟೀನ್ ಚರ್ಚ್, ಎತ್ತರ 80 ಮೀಟರ್. ಇದಕ್ಕೆ ದಾರಿ ಕಾಣದೆ ಜನ ಸುತ್ತು ಹೊಡೆಯುತ್ತಾರೆ. ಚರ್ಚಿನ ಮುಂದೆಯೇ ಮನೆಗಳು ಕಟ್ಟಿಕೊಂಡಿವೆ. ಕಮಾನಿರುವ ಮನೆಯ ಕೆಳಗಿನ ಓಣಿಯೊಳಗೆ ನುಗ್ಗಿದರೆ ಬಾಗಿಲು ಸಿಗುತ್ತದೆ. ಖಗೋಳವಿಜ್ಞಾನಿ ಟೈಕೊ ಬ್ರಾಹೆಯ ಸಮಾಧಿ ಒಳಗಿದೆ. ಫೋಟೊ ತೆಗೆಯಲು ಬಿಡುವುದಿಲ್ಲ. ಹೊರಗಿನ ಮುಖ ಪಶ್ಚಿಮಕ್ಕಿರುವುದರಿಂದ ಬೆಳಿಗ್ಗೆ ತೆಗೆದ ಫೋಟೊ ಕಪ್ಪಾಗಿ ಬರುತ್ತದೆ. ಸಂಜೆಯ ಬಿಸಿಲಿಗೆ ಕಾಯಿರಿ. ಪುರಭವನದ ಉತ್ತರಕ್ಕೆ ಮರ, ಹುಲ್ಲು ಇರುವ ಖಾಲಿ ಜಾಗ ಕಂಡು ‘ಇಲ್ಯಾಕೆ ಬಿಟ್ಟಿದ್ದಾರೆ’ ಅನ್ನಿಸಿದರೆ: ಪುರಭವನದ ಒಂದು ಭಾಗ ಅಲ್ಲಿತ್ತು, 1945ರ ಮೇ ತಿಂಗಳ ಕಾಳಗದಲ್ಲಿ ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ.

ಚೌಕದ ಮಳಿಗೆಗಳಲ್ಲಿ ಒಂದು ಎಚ್ಚರ. ಸುಟ್ಟ ಹಂದಿಮಾಂಸದ ಬೆಲೆ ಫಲಕದಲ್ಲಿ 100 ಗ್ರಾಮಿಗೆ ಬರೆದಿರುತ್ತದೆ, ಅದೂ ಸಣ್ಣ ಅಕ್ಷರದಲ್ಲಿ. ಅಂಗಡಿಯವನು ಮುನ್ನೂರು, ನಾನೂರು ಗ್ರಾಮಿನ ತುಂಡು ಕತ್ತರಿಸಿಯೇ ತಟ್ಟೆಗೆ ಹಾಕುತ್ತಾನೆ. ಸಕಲೇಶಪುರದ ಕಡೆಯವರು ಆಸೆಪಟ್ಟು ಕೇಳುವುದಾದರೆ ಮೊದಲೇ ಬೆರಳಲ್ಲಿ ಅಳತೆ ತೋರಿಸಿ, ತಕ್ಕಡಿ ನೋಡಿ. ಕಡ್ಡಿಗೆ ಸುತ್ತಿ ಸುಟ್ಟು ಸಕ್ಕರೆಯಲ್ಲಿ ಹೊರಳಿಸುವ ಟ್ರ್‌ಡೆಲ್ನಿಕ್ ‘ಪ್ರಾಚೀನ ಬೊಹೆಮಿಯಾದ ತಿಂಡಿ’ ಎಂದು ಫಲಕವಿರುತ್ತದೆ. ಪ್ರಾಗ್‌ನ ಬೀದಿಗೆ ಅದು ಬಂದದ್ದು ಇತ್ತೀಚೆಗೆ. ತಿನ್ನಲು ಅಡ್ಡಿಯಿಲ್ಲ, ನಂಬಬೇಕಿಲ್ಲ. ಸಸ್ಯಾಹಾರಿಗಳಿಗೆ ಬ್ರಾಂಬೊರಾಕ್ ಎಂಬ ಆಲೂಗಡ್ಡೆ ರೊಟ್ಟಿ ಕಣ್ಣಿಗೆ ಬೀಳುತ್ತದೆ. ಆಲೂಗಡ್ಡೆಯ ಜಿಲ್ಲೆಯವರಿಗೆ ರುಚಿ ಹಿಡಿಸುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ, ಕೆಲವು ಕಡೆ ಹಂದಿ ಕೊಬ್ಬಿನಲ್ಲಿ ಕರಿಯುತ್ತಾರೆ. ‘ಬೆಜ್ ಮಾಸಾ’ ಎಂದರೆ ಮಾಂಸವಿಲ್ಲದ್ದು. ಸಾರಿನ ವಿಷಯದಲ್ಲಿ ಆ ಮಾತೂ ಸಾಲದು, ಮೂಳೆ ಬೇಯಿಸಿದ ನೀರಾ ಎಂದು ಕೇಳಿ. ಊರಿಂದ ಬುತ್ತಿ ಒಯ್ಯುವುದಾದರೆ ಯುರೋಪಿನ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಬೇಡ. ಹಸಿ ಸೊಪ್ಪು, ಹಣ್ಣಿಗೂ ತಡೆ. ಅದಕ್ಕೆ ಹೊರತಾದ ಐದು ಹಣ್ಣುಗಳಿವೆ: ಅನಾನಸ್, ತೆಂಗು, ದುರಿಯನ್, ಬಾಳೆ, ಖರ್ಜೂರ. ಅರಸೀಕೆರೆ ತೆಂಗಿನಕಾಯಿಗೆ ದಾರಿ ಬಿಡುತ್ತಾರೆ, ಒಗ್ಗರಣೆಯ ಕರಿಬೇವಿಗೆ ಬಿಡುವುದಿಲ್ಲ.

ದುಡ್ಡಿನ ಮಾತು ಇಲ್ಲೇ ಮುಗಿಸೋಣ. ಅಲ್ಲಿ ಯೂರೊ ಅಲ್ಲ, ಕೊರುನಾ. ‘ಕಮಿಷನ್ ಸೊನ್ನೆ’ ಎಂದು ದೊಡ್ಡದಾಗಿ ಬರೆದ ಗೂಡಿನಲ್ಲಿ ಕಮಿಷನ್ ಇಲ್ಲದಿದ್ದರೂ ದರದಲ್ಲೇ ಕೊಯ್ಯಬಹುದು; ಕೊಡುವ ಮೊದಲು ‘ನೂರು ಯೂರೊಗೆ ಕೈಗೆ ಎಷ್ಟು ಬರುತ್ತದೆ’ ಎಂದು ಬರೆಸಿಕೊಂಡು ನೋಡಿ. ಮೋಸ ಅನ್ನಿಸಿದರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ವಾಪಸ್ ಪಡೆಯಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ರಸ್ತೆಯಲ್ಲಿ ಹತ್ತಿರ ಬಂದು ‘ಒಳ್ಳೇ ದರ’ ಎನ್ನುವವನು ಕೊಡುವುದು ಬೇರೆ ದೇಶದ ನೋಟು. ಎಟಿಎಂ ಪರದೆ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ’ ಎಂದು ಕೇಳಿದರೆ ಬೇಡ ಎನ್ನಿ, ಕೊರುನಾದಲ್ಲೇ ತೆಗೆಯಿರಿ. ಚಿಲ್ಲರೆ ಸ್ವಲ್ಪ ಇರಲಿ. ಸಾರ್ವಜನಿಕ ಶೌಚಾಲಯಕ್ಕೆ ಬೇಕು.

ಸೇತುವೆ, ಕೋಟೆ

ಚಾರ್ಲ್ಸ್ ಸೇತುವೆ 516 ಮೀಟರ್ ಉದ್ದ, 16 ಕಮಾನು, ಎರಡೂ ಬದಿ ಸೇರಿ 30 ಪ್ರತಿಮೆಗಳು. ಅದಕ್ಕೆ ಮುಂಚಿನ ಕಲ್ಲಿನ ಸೇತುವೆಯನ್ನು 1342ರ ಮಂಜುಗಡ್ಡೆಯ ಪ್ರವಾಹ ಕೊಚ್ಚಿತ್ತು. ಹೊಸದಕ್ಕೆ ಅಡಿಗಲ್ಲು ಇಟ್ಟ ಮುಹೂರ್ತ 1357ನೇ ಇಸವಿಯ 9ನೇ ತಾರೀಕು 7ನೇ ತಿಂಗಳು, ಬೆಳಿಗ್ಗೆ 5 ಗಂಟೆ 31 ನಿಮಿಷ ಎಂದು ಪ್ರತೀತಿ. ಅಂಕಿಗಳನ್ನು ಸಾಲಾಗಿ ಬರೆಯಿರಿ: 1 3 5 7 9 7 5 3 1. ಮುಹೂರ್ತ ನೋಡಿ ಹಸೆ ಬರೆಯುವವರು ನಾವೊಬ್ಬರೇ ಅಲ್ಲ.

ಬೆಳಿಗ್ಗೆ ಎಂಟರ ಮೇಲೆ ಸೇತುವೆ ತುಂಬಲು ಶುರುವಾಗುತ್ತದೆ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿರಿ. ಪೂರ್ವದ ಹಳೇಪೇಟೆ ಕಡೆಯಿಂದ ಕಾಲಿಟ್ಟರೆ ಬಿಸಿಲು ಬೆನ್ನಿಗಿರುತ್ತದೆ, ಎದುರಿನ ಕೋಟೆ ಬೆಳಗುತ್ತದೆ. ಹಗಲಲ್ಲಿ ಚೌಕದಿಂದ ಬರುವವರು ಕಾರ್ಲೊವಾ ಎಂಬ ಇಕ್ಕಟ್ಟಿನ ಬೀದಿಯಲ್ಲಿ ಒತ್ತಿಕೊಂಡು ಬರುತ್ತಾರೆ. ಅದರ ಉತ್ತರಕ್ಕೆ ಮಾರಿಯಾನ್ಸ್ಕೆ ನಾಮ್ಯೆಸ್ತಿ, ಪ್ಲಾಟ್ನೆರ್ಷ್ಕಾ ಬೀದಿ ಹಿಡಿದರೆ ಅಷ್ಟೇ ದೂರ, ಕಾಲು ಭಾಗ ಜನ.

ಪ್ರತಿಮೆಗಳ ಕಲ್ಲು ಹತ್ತಿರದಿಂದ ನೋಡಿ. ಹೆಚ್ಚಿನವು ಮರಳುಗಲ್ಲು. ನಮ್ಮ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಬೇಲೂರಿನ ಮದನಿಕೆಯ ಬಳೆ ಒಂದೊಂದೂ ಎಣಿಸಲು ಸಿಗುತ್ತದೆ. ಮರಳುಗಲ್ಲು ಸೂಕ್ಷ್ಮ ಕಣಗಳ ಸಂದಿಯಲ್ಲಿ ನೀರು ಕುಡಿಯುತ್ತದೆ. ಚಳಿಗೆ ಆ ನೀರು ಹೆಪ್ಪುಗಟ್ಟಿ ಉಬ್ಬಿ ಪದರ ಎಬ್ಬಿಸುತ್ತದೆ. ಕಲ್ಲಿದ್ದಲು ಹೊಗೆಯ ಮಸಿ ಮೇಲೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದಕ್ಕೇ ಮೂಲ ಪ್ರತಿಮೆಗಳಲ್ಲಿ ಹಲವನ್ನು ಮ್ಯೂಸಿಯಂಗೆ ಸಾಗಿಸಿ ಪ್ರತಿಗಳನ್ನು ಇಟ್ಟಿದ್ದಾರೆ. ಕಂಚಿನದು ಸಂತ ಯಾನ್ ನೆಪೊಮುಕ್‌ನದು, 1683ರದ್ದು. ಕೋಟೆಯತ್ತ ನಡೆಯುವಾಗ ಬಲಗಡೆ ಎಂಟನೆಯದು. 1393ರಲ್ಲಿ ಅವನನ್ನು ಇಲ್ಲಿಂದಲೇ ನದಿಗೆ ನೂಕಿದರು. ಪೀಠದ ಫಲಕವನ್ನು ಕೈಯಿಂದ ಸವರಿ ಸವರಿ ಎರಡು ಜಾಗ ಚಿನ್ನದಂತೆ ಹೊಳೆಯುತ್ತವೆ. ಬಲಗಡೆ ಫಲಕದಲ್ಲಿ ನದಿಗೆ ಬೀಳುತ್ತಿರುವ ಸಂತನಿದ್ದಾನೆ, ಹರಕೆ ಅವನದು. ಎಡಗಡೆಯ ನಾಯಿಯನ್ನು ಪ್ರವಾಸಿಗರು ಯಾರನ್ನೋ ನೋಡಿ ಸವರತೊಡಗಿದ್ದು.

ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತುವುದು ಹೆಚ್ಚಿನವರು ಮಾಡುವ ತಪ್ಪು. ಮುಳ್ಳಯ್ಯನಗಿರಿ ಅಲ್ಲದಿದ್ದರೂ ಅರವತ್ತರ ಮಂಡಿಗೆ ಸಾಕಷ್ಟು. ಮಾಲೊಸ್ತ್ರಾನ್ಸ್ಕೆ ನಾಮ್ಯೆಸ್ತಿಯಿಂದ 22ನೇ ನಂಬರ್ ಟ್ರಾಮ್ ಹತ್ತಿ ‘ಪ್ರಾಜ್ಸ್ಕಿ ಹ್ರಾಡ್’ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸೇತುವೆ ದಾಟಿ ಕೋಟೆಯ ಎರಡನೇ ಅಂಗಳದವರೆಗೆ ಸಮನೆಲ. ಟ್ರಾಮಿನ ಕಾಗದದ ಟಿಕೆಟ್ಟು ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಬೇಕು, ಒಂದೇ ಸಲ. ಮುದ್ರೆಯಿಲ್ಲದ ಟಿಕೆಟ್ಟು ಕೈಯಲ್ಲಿದ್ದರೂ ಟಿಕೆಟ್ಟಿಲ್ಲದ ಹಾಗೇ. ಮಫ್ತಿಯಲ್ಲಿರುವ ತಪಾಸಣೆಯವರು ದಂಡ ಹಾಕುತ್ತಾರೆ. 22ರಲ್ಲಿ ಜೇಬುಗಳ್ಳರೂ ಪ್ರಯಾಣಿಕರೇ. ಕೋಟೆ ಬಾಗಿಲಲ್ಲಿ ಬ್ಯಾಗು ತಪಾಸಣೆ ಇದ್ದರೂ ಇರಬಹುದು, ಹಣ್ಣು ಹೆಚ್ಚುವ ಚಾಕು ರೂಮಿನಲ್ಲೇ ಇರಲಿ.

ಕೆಥೆಡ್ರಲ್ 1344ರಲ್ಲಿ ಶುರುವಾಗಿ ಮುಗಿದದ್ದು 1929ರಲ್ಲಿ. ಪೂರ್ವದ ಅರ್ಧ ಹಳೆಯದು, ಪಶ್ಚಿಮದ ಎರಡು ಗೋಪುರಗಳಿರುವ ಅರ್ಧ ಹೊಸದು. ಎಲ್ಲರೂ ಫೋಟೊ ತೆಗೆಯುವುದು ಹೊಸದನ್ನೇ. ದಕ್ಷಿಣಕ್ಕೆ ಸುತ್ತಿ ಹೋಗಿ, ಬಂಗಾರದ ಬಾಗಿಲ ಮೇಲಿನ 14ನೇ ಶತಮಾನದ ಗಾಜುಚೂರಿನ ಚಿತ್ರ ನೋಡಿ. ಹಳೇ ಅರಮನೆಯ ವ್ಲಾದಿಸ್ಲಾವ್ ಸಭಾಂಗಣ 62 ಮೀಟರ್ ಉದ್ದ, ನಡುವೆ ಒಂದೂ ಕಂಬವಿಲ್ಲ. ನವರಂಗದ ಕಂಬಗಳ ಕಾಡಿನಲ್ಲಿ ಬೆಳೆದವರಿಗೆ ತಲೆ ಮೇಲೆ ಏನು ಹಿಡಿದಿದೆ ಎಂದು ಮೊದಲು ಗೊತ್ತಾಗುವುದಿಲ್ಲ. ಗೋಡೆಯಿಂದ ಗೋಡೆಗೆ ಬಳ್ಳಿಯಂತೆ ಹೆಣೆದುಕೊಂಡ ಕಮಾನಿನ ಏಣುಗಳು ಹಿಡಿದಿವೆ. ಕುದುರೆ ಮೇಲೆ ಕೂತು ಈಟಿ ಕಾಳಗವನ್ನು ಈ ಅಂಗಣದೊಳಗೇ ಆಡುತ್ತಿದ್ದರು. ಕುದುರೆ ಹತ್ತಲೆಂದೇ ತಗ್ಗು ಮೆಟ್ಟಿಲಿದೆ.

ಇಳಿಯುವಾಗ ನೆರುಡೊವಾ ಬೀದಿ. ಇದು ಪಟ್ಟಾಭಿಷೇಕದ ಮೆರವಣಿಗೆ ಸಾಗುತ್ತಿದ್ದ ರಾಜಬೀದಿಯ ಕೊನೆಯ ತುಣುಕು; ಮದ್ದಿನ ಗೋಪುರದಿಂದ ಚೌಕ, ಸೇತುವೆ ದಾಟಿ ಇಲ್ಲಿಗೆ. ಮನೆ ನಂಬರು ಬರುವ ಮುಂಚಿನ ಗುರುತುಗಳು ಬಾಗಿಲ ಮೇಲೆ ಉಳಿದಿವೆ: ಮೂರು ಪಿಟೀಲಿನ ಮನೆ, ಎರಡು ಸೂರ್ಯರ ಮನೆ. ‘ದೊಡ್ಡ ಜಗಲಿ ಮನೆ’ ಎಂದರೆ ಊರಿಗೆಲ್ಲ ಗೊತ್ತಾಗುತ್ತಿತ್ತಲ್ಲ, ಹಾಗೆ. ನೆಲ ಪೂರ್ತಿ ಸಣ್ಣ ಕಲ್ಲು ಹಾಸಿದ್ದು, ಇಳಿಜಾರು ಬೇರೆ. ಚಪ್ಪಲಿ ಬೇಡ, ರಬ್ಬರ್ ಅಟ್ಟೆಯ ಶೂ ಹಾಕಿ, ಸೀರೆಗೂ ಅದೇ. ಈ ಕಲ್ಲಿನ ಮೇಲೆ ಸೂಟ್‌ಕೇಸ್ ಎಳೆದರೆ ಚಕ್ರ ಹೋಯಿತೆಂದೇ ಲೆಕ್ಕ. ಕೆಳಗೆ ಸಿಗುವ ಹಸಿರು ಗುಮ್ಮಟದ ಸಂತ ನಿಕೊಲಸ್ ಚರ್ಚನ್ನು ಹಳೇಪೇಟೆ ಚೌಕದ ಅದೇ ಹೆಸರಿನದರ ಜೊತೆ ಕಲೆಸಿಕೊಳ್ಳಬೇಡಿ. ‘ನಿಕೊಲಸ್ ಚರ್ಚ್ ಹತ್ರ ಸಿಗೋಣ’ ಎಂದು ನದಿಯ ಆಚೆ ಒಬ್ಬರು, ಈಚೆ ಒಬ್ಬರು ಕಾಯುವುದಾಗುತ್ತದೆ.

ಕುದುರೆ ಸಂತೆ, ದನದ ಸಂತೆ

ಎರಡನೇ ದಿನದ ಮಧ್ಯಾಹ್ನಕ್ಕೆ ಹೊಸಪೇಟೆ. ವೆನ್ಸೆಸ್ಲಾಸ್ ಚೌಕವನ್ನು ಮೇಲಿನ ತುದಿಯಿಂದ, ರಾಷ್ಟ್ರೀಯ ಮ್ಯೂಸಿಯಂನ ಮುಂದಿನಿಂದ ಶುರುಮಾಡಿ. ಇಳಿಜಾರು ನಿಮ್ಮ ಕಡೆಗಿರುತ್ತದೆ. ಕುದುರೆ ಏರಿದ ಸಂತ ವೆನ್ಸೆಸ್ಲಾಸ್‌ನ ಪ್ರತಿಮೆ ಊರವರಿಗೆ ‘ಎಲ್ಲಿ ಸಿಗೋಣ’ ಎಂಬುದಕ್ಕೆ ಉತ್ತರ. ಮ್ಯೂಸಿಯಂ ಮುಂದಿನ ನೆಲದಲ್ಲಿ ಮೈ ಎದ್ದಂತೆ ಉಬ್ಬಿ ಬಿದ್ದಿರುವ ಕಂಚಿನ ಶಿಲುಬೆ ಇದೆ. ಸೋವಿಯತ್ ಆಕ್ರಮಣವನ್ನು ಪ್ರತಿಭಟಿಸಿ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಮೈಗೆ ಬೆಂಕಿ ಹಚ್ಚಿಕೊಂಡದ್ದು ಇಲ್ಲೇ, 1969ರ ಜನವರಿ 16ರಂದು. 1989ರ ನವೆಂಬರಿನಲ್ಲಿ ಸರ್ಕಾರ ಬೀಳಿಸಿದ ಜನಸಾಗರ ನಿಂತದ್ದೂ ಈ ಸಂತೆಮಾಳದಲ್ಲೇ. ಇಷ್ಟು ಜನ ಒಟ್ಟಿಗೆ ನಿಲ್ಲುವಷ್ಟು ಜಾಗವನ್ನು ಕುದುರೆಗಳಿಗಾಗಿ 1348ರಲ್ಲೇ ಬಿಟ್ಟಿದ್ದರು.

ಕಾರ್ಲೊವೊ ನಾಮ್ಯೆಸ್ತಿ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ದನದ ಸಂತೆ ಈಗ ಮರಗಳಿರುವ ಪಾರ್ಕು. ಪ್ರವಾಸಿಗರು ಕಡಿಮೆ, ಬೆಂಚುಗಳು ಧಾರಾಳ, ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೇ ಜಾಗವಿಲ್ಲ. ಪ್ರಾಗ್‌ನ ನಲ್ಲಿ ನೀರು ಕುಡಿಯಲು ಯೋಗ್ಯ. ರೂಮಿನಲ್ಲೇ ಬಾಟಲಿ ತುಂಬಿಕೊಂಡು ಬಂದಿರಿ.

ವಾಪಸ್ ರೈಲಿಗೆ ಇಲ್ಲಿಂದ ಮೆಟ್ರೊ ಬಿ ಹತ್ತಿ ಫ್ಲೊರೆಂಟ್ಸ್‌ನಲ್ಲಿ ಸಿ ಮಾರ್ಗಕ್ಕೆ ಬದಲಿಸಿ, ಮುಂದಿನ ನಿಲ್ದಾಣ ‘ಹ್ಲಾವ್ನಿ ನಾದ್ರಾಜಿ’, ದೊಡ್ಡ ರೈಲು ನಿಲ್ದಾಣ. ಡ್ರೆಸ್ಡೆನ್ ಕಡೆಯ ರೈಲುಗಳು ಪ್ರಾಗ್‌ನ ಹೊಲೆಶೊವಿತ್ಸೆಯಲ್ಲೂ ನಿಲ್ಲುತ್ತವೆ. ಬರುವಾಗ ‘ಪ್ರಾಗ್’ ಎಂದು ಕೇಳಿಸಿದ ಕೂಡಲೇ ಅಲ್ಲಿ ಇಳಿದುಬಿಟ್ಟಿದ್ದವರು ಹೋಗುವಾಗಲಾದರೂ ಟಿಕೆಟ್ಟಿನ ಮೇಲಿನ ಹೆಸರು ಪೂರ್ತಿ ಓದಿಕೊಳ್ಳಿ. ಫಲಕದಲ್ಲಿ ‘ಓಡ್ಯೆಜ್ದಿ’ ಎಂದಿರುವುದು ಹೊರಡುವ ರೈಲುಗಳ ಪಟ್ಟಿ. ಪ್ಲಾಟ್‌ಫಾರಂ ನಂಬರು ಹೊರಡುವ ಸ್ವಲ್ಪ ಮುಂಚೆಯಷ್ಟೇ ಬರುತ್ತದೆ. ಅರ್ಧ ಗಂಟೆ ಮೊದಲೇ ಹೋಗಿ, ಫಲಕದ ಎದುರಿಗೇ ಕೂತಿರಿ.